ಕಾಶಿಂಬಿಯ ಮದರಂಗಿ ಚುಕ್ಕೆ

ಬಳೆಗಾರ್ತಿ ಕಾಶಿಂಬಿ ಅವ್ವ ಯಾರನ್ನೂ ಮುಖ ನೋಡಿ ಗುರುತಿಸುತ್ತಿರಲಿಲ್ಲ. ಅವಳ ಕಣ್ಣು ಮಂಜಾಗಿದ್ದವು. ಕೈ ಹಿಡಿದು, ಗೆಣ್ಣುಗಳನ್ನು ಒತ್ತಿ ನೋಡಿ, "ಇದು ಗೌಡರ ಸಣ್ಣ ಸೊಸಿ ಕೈ" ಎನ್ನುತ್ತಿದ್ದಳು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಹದಿನೈದು ದಿನಕ್ಕೊಮ್ಮೆ ಮುಂಡಗೋಡದಿಂದ ನಮ್ಮ ಚಿಗಳ್ಳಿಗೆ ನಡೆದೇ ಬರುತ್ತಿದ್ದಳು. ಬಾಯಲ್ಲಿ ಸದಾ ತಂಬಾಕು.

ನನ್ನ ಎರಡನೆಯ ಬಾಣಂತನ ಯುದ್ಧದ ಕಾಲದಲ್ಲಿ ಆಯಿತು. ಊರಿಗೆಲ್ಲ ಸಕ್ಕರೆಯ ಬರ. ನಮ್ಮತ್ತೆಯ ಅಂಟಿನುಂಡೆಗೆ ಮಾತ್ರ ಬೆಲ್ಲಕ್ಕೂ ತುಪ್ಪಕ್ಕೂ ಬರವಿರಲಿಲ್ಲ. ಬಾಣಂತನ ಮುಗಿದರೂ ಉಂಡೆ ಮುಗಿಯಲಿಲ್ಲ. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದೆ. ಹುಬ್ಬಳ್ಳಿಯ ಡಾಕ್ಟರು ನನ್ನ ಎದೆಬಡಿತ ಕೇಳಿ, ಮೈ ಇಳಿಸದಿದ್ದರೆ ಈ ಕೂಸಿಗೆ ತಾಯಿ ಉಳಿಯುವುದಿಲ್ಲ ಎಂದು ಯಜಮಾನರಿಗೆ ಹೇಳಿದರು. ನನ್ನ ತಾಯಿ ಹೀಗೆಯೇ ಏದುಸಿರು ಬಿಡುತ್ತ ಹೋದವಳು. ಹೆದರಿಕೆ ಎದೆಯಲ್ಲಿತ್ತು, ಚಪಲ ನಾಲಿಗೆಯಲ್ಲಿತ್ತು. ಉಂಡೆಯ ಡಬ್ಬಿ ಕಂಡರೆ ಕೈ ತಾನಾಗಿ ಹೋಗುತ್ತಿತ್ತು.

ಇದನ್ನೆಲ್ಲ ಕಾಶಿಂಬಿಯ ಮುಂದೆ ಅತ್ತು ಹೇಳಿಕೊಂಡೆ. ಅವಳು ದಪ್ಪನೆಯ ಹಸಿರು ಬಳೆಯೊಂದನ್ನು ನನ್ನ ಕೈಗೆ ತೊಡಿಸಿ ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಿಂದ ಎರಡು ಬೆರಳು ಏರಿ ಅದು ಸಿಕ್ಕಿಕೊಂಡಿತು. ಹಿತ್ತಲಿನ ಮದರಂಗಿ ಸೊಪ್ಪು ಅರೆಯಿಸಿ, ಬಳೆ ನಿಂತಲ್ಲಿ ಒಂದು ಚುಕ್ಕೆ ಇಟ್ಟು, ಬಳೆಯನ್ನು ಮತ್ತೆ ಮಲಾರಕ್ಕೆ ಸೇರಿಸಿದಳು.

"ಈ ಚುಕ್ಕಿ ಮಾಸೂದ್ರಾಗ ಬರ್ತೇನಿ. ಬಳಿ ಇದನ್ನ ದಾಟಿರಬೇಕು. ಮೊಣಕೈ ಮುಟ್ಟಿದ ದಿನ ಬಳಿ ನಿಂದು."

"ಉಂಡಿ ಬಿಡೂದು ಅಷ್ಟು ಸಸಾರ ಅಲ್ಲ ಬೇ ಅವ್ವಾ. ನೀ ತಂಬಾಕ ಬಿಡ್ತಿಯೇನು?" ಎಂದೆ ಸಿಟ್ಟಿನಿಂದ.

ಅವಳು ಎದ್ದು ಹೋಗಿ ಬಾಯಲ್ಲಿದ್ದದ್ದನ್ನು ಉಗುಳಿ ಬಂದಳು.

"ಬಿಟ್ಟೆ. ನೀ ಉಂಡಿ ಬಿಟ್ಟಿರೂತನಕ ನಾನೂ ಬಿಟ್ಟಿರ್ತೇನಿ."

ನಾನು ನಂಬಲಿಲ್ಲ. ನಲವತ್ತು ವರ್ಷದ ಚಟ. ಮನೆಗೆ ಹೋಗಿ ಮುಕ್ಕುತ್ತಾಳೆ ಎಂದುಕೊಂಡೆ. ಆದರೂ ಬೆಳಿಗ್ಗೆ ಕೆರೆಯವರೆಗೆ ನಡೆಯತೊಡಗಿದೆ. ಅತ್ತೆಯ ಮುನಿಸು ನುಂಗಿಕೊಂಡು ರೊಟ್ಟಿ, ಪಲ್ಯದಲ್ಲೇ ಊಟ ಮುಗಿಸತೊಡಗಿದೆ. ಪ್ರತಿ ಸಲವೂ ಅವಳು ಬಳೆ ಏರಿಸಿ, "ಹಳೇ ಚುಕ್ಕಿ ಎಲ್ಲೈತಿ ನೀನ ಹೇಳವ್ವಾ" ಎಂದು ಕೇಳುತ್ತಿದ್ದಳು. ಮೈ ಇಳಿದಂತೆ ಬಳೆ ನಿಧಾನವಾಗಿ ಮೇಲೇರುತ್ತಿತ್ತು.

ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಉಂಡೆಗಳ ಹಬ್ಬ. ಶೇಂಗಾ, ಎಳ್ಳು, ರವೆ, ಒಂದನ್ನೂ ತಿನ್ನದೆ ಬಿಡಲಿಲ್ಲ. ಕಾಶಿಂಬಿ ಬರುವ ದಿನ ಭಯವಾಗಿ ತೋಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡೆ. ಬಳೆ ಸರಾಗ ಜಾರಿತು.

"ದಾಟೇತೇನು?"

"ದಾಟೇತಿ."

ಅವಳು ತನ್ನ ಬೆರಳ ತುದಿಯನ್ನು ಮೂಸಿದಳು. ಸೆರಗಿನಿಂದ ನನ್ನ ತೋಳನ್ನು ಚೆನ್ನಾಗಿ ಒರೆಸಿ ಮತ್ತೆ ಬಳೆ ಏರಿಸಿದಳು. ಅದು ಹಳೆಯ ಚುಕ್ಕೆಗಿಂತ ಕೆಳಗೇ ನಿಂತಿತು.

"ನನ್ನ ಕಣ್ಣು ಮಂಜಾಗ್ಯಾವ ಮಗಳ. ನಿನ್ನ ಕಣ್ಣಿಲೇ ನೋಡಾಕತ್ತೇನಿ. ಅವನ್ನೂ ಮಂಜು ಮಾಡಬ್ಯಾಡ" ಎಂದವಳೇ ಕೆಳಗೆ ಹೊಸ ಚುಕ್ಕೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಂದಿನಿಂದ ನಾನು ಉಂಡೆ ಮುಟ್ಟಲಿಲ್ಲ.

ಯುಗಾದಿಯ ಹೊತ್ತಿಗೆ ಕಂಕುಳಲ್ಲಿ ಮಗಳು, ತಲೆಯ ಮೇಲೆ ಕೊಡ, ಎಲ್ಲಿಯೂ ಕೂರದೆ ಬಾವಿಯಿಂದ ಮನೆ ಸೇರುತ್ತಿದ್ದೆ. ಇಂದಿಗೂ ಮೆಟ್ಟಿಲು ಹತ್ತುವಾಗ ಉಸಿರು ಸಲೀಸಾಗಿ ಆಡಿದರೆ ಮೊದಲು ನೆನಪಾಗುವವಳು ಕಾಶಿಂಬಿ.

ಆ ಬೇಸಿಗೆಯಲ್ಲಿ ಚುಕ್ಕೆ ಮಾಸಿತು, ಅವಳು ಬರಲಿಲ್ಲ. ತಿಂಗಳಾದ ಮೇಲೆ ಅವಳ ಸೊಸೆ ಬಂದಳು. ಜ್ವರದಲ್ಲಿ ಎಂಟೇ ದಿನಕ್ಕೆ ಮುಗಿದಿತ್ತಂತೆ. ಹಸಿರು ಬಳೆಯನ್ನು ನನ್ನ ಕೈಗಿಟ್ಟಳು.

"ಕಡೀಕ ಬಾಯಿಗೆ ರುಚಿ ಇಲ್ಲಂತ ಚಿಟಿಕಿ ತಂಬಾಕ ಕೊಟ್ಟಿವ್ರೀ ಅಕ್ಕಾರ. ಒಲ್ಲೆ ಅಂದ್ರು. ಚಿಗಳ್ಳ್ಯಾಗ ಒಬ್ಬಾಕಿ ಉಂಡಿ ಬಿಟ್ಟು ಕುಂತಾಳ, ನಾ ಹೆಂಗ ತಿನ್ಲಿ ಅಂದ್ರು."

ಅವಳು ಹೋದ ಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತೆ. ಅಳು ನಿಂತ ಮೇಲೆ ಸೆರಗಿನಿಂದ ತೋಳನ್ನು ಚೆನ್ನಾಗಿ ಒರೆಸಿಕೊಂಡು ಬಳೆ ಏರಿಸಿದೆ. ಮೊಣಕೈಗೆ ಇನ್ನೂ ಒಂದು ಬೆರಳಿನಷ್ಟು ದೂರ ಇರುವಾಗಲೇ ನಿಂತಿತು. ಮದರಂಗಿ ಅರೆದು ತಂದು, ಅದು ನಿಂತಲ್ಲೇ ಚುಕ್ಕೆ ಇಟ್ಟುಕೊಂಡೆ.