ಅಮ್ಮನೂ ನಾನೂ ಅಕ್ಷತೆ ಹಾಕಿದ್ದು

ಇಲ್ಲಿ ಮಧ್ಯಾಹ್ನವಾಗಿರುವಾಗ ಸೊರಬದಲ್ಲಿ ದೀಪ ಹಚ್ಚಿ ಆಗಿರುತ್ತದೆ. ಆ ಹೊತ್ತಿಗೆ ನಾನು ಇಂಟರ್‌ನೆಟ್ಟಿನಲ್ಲಿ ನಮ್ಮ ಕನ್ನಡ ಚಾನೆಲ್ಲು ಹಾಕಿ, ಫೋನನ್ನು ಸ್ಪೀಕರಿಗಿಟ್ಟು, ಅಮ್ಮನ ಜೊತೆ ಧಾರಾವಾಹಿ ನೋಡುತ್ತೇನೆ. ಕಿಟಕಿಯಾಚೆ ಹಿಮ ಉದುರುತ್ತಿರುತ್ತದೆ. ಫೋನಿನಿಂದ ಅಮ್ಮನ ಬಳೆಯ ಸದ್ದು, ಕುಕ್ಕರಿನ ಸೀಟಿ ಬರುತ್ತಿದ್ದರೆ ನಾನು ಯಾವ ಊರಲ್ಲಿ ಕೂತಿದ್ದೇನೆ ಎಂಬುದೇ ಮಸುಕಾಗುತ್ತದೆ.

ಅಂದು ಧಾರಾವಾಹಿಯ ಹುಡುಗಿಗೆ ಮದುವೆ. ಊರು ಬಿಟ್ಟ ಮೇಲೆ ನಾನು ಒಂದು ಮದುವೆಯಲ್ಲೂ ಅಮ್ಮನ ಪಕ್ಕ ನಿಂತು ಅಕ್ಷತೆ ಹಾಕಿರಲಿಲ್ಲ. "ಇದಕ್ಕಾದ್ರೂ ಒಟ್ಟಿಗೆ ಹಾಕನ ಕಣೇ" ಎಂದಳು ಅವಳು. ಇಬ್ಬರೂ ಅಕ್ಕಿಗೆ ಅರಿಶಿನ ಹಚ್ಚಿಕೊಂಡು ಕೂತೆವು.

ಫೋನಿನಲ್ಲಿ ವಾಲಗ ಜೋರಾಯಿತು. "ಹಾಕೇ, ತಾಳಿ ಕಟ್ಟಿದ!" ಎಂದಳು ಅಮ್ಮ. ನನ್ನ ಪರದೆಯಲ್ಲಿ ಮದುಮಗಳು ಇನ್ನೂ ಮಂಟಪಕ್ಕೆ ಬರುತ್ತಿದ್ದಳು. ಇಂಟರ್‌ನೆಟ್ಟಿನ ಚಿತ್ರ ಊರಿನ ಟೀವಿಗಿಂತ ತುಸು ಹಿಂದಿರುತ್ತದೆ ಎಂಬುದನ್ನು ಇಬ್ಬರೂ ಮರೆತಿದ್ದೆವು.

"ಇಲ್ಲಿನ್ನೂ ಕಟ್ಟಿಲ್ಲಮ್ಮ" ಎಂದೆ. ನನ್ನ ದನಿ ಸಪ್ಪಗಾಗಿತ್ತು.

"ಅಯ್ಯೋ ಮಾರಾಯ್ತಿ, ನಿಮ್ಮಲ್ಲಿ ಪುರೋಹಿತ್ರು ಭಾರೀ ನಿಧಾನ" ಎಂದು ಅಮ್ಮ ನಕ್ಕಳು. "ಆಗ್ಲಿ ಬಿಡು, ನಾನೂ ಹಾಕಿಲ್ಲ, ಕೈಯಾಗೇ ಹಿಡ್ಕಂಡಿದೀನಿ. ಅಲ್ಲಿ ಕಟ್ಟಿದ ಕೂಡ್ಲೆ ಹೇಳು."

ನನ್ನ ಪರದೆಯಲ್ಲೂ ವಾಲಗ ಏರಿತು. "ಈಗಮ್ಮ!" ಎಂದೆ. ಕಾಳು ಉದುರಿದ ಸಣ್ಣ ಸದ್ದು ಎರಡೂ ಕಡೆ ಒಟ್ಟಿಗೇ ಕೇಳಿತು. ಅಮ್ಮನ ಟೀವಿಯಲ್ಲಿ ಆಗ ಯಾರೋ ಸೋಪಿನ ಪುಡಿ ಮಾರುತ್ತಿದ್ದರು.