ಬೀಗಿತ್ತಿಯ ತೊಂಬತ್ತನೆಯ ದಿನ

ಬುಧವಾರ ಬೆಳಗ್ಗೆ ಏಳು ಗಂಟೆಗೆ ಅಮೆರಿಕದ ಸ್ಟರ್ಲಿಂಗ್‌ನ ನಮ್ಮ ಮನೆ ಬಿಟ್ಟೆವು. ಕಾರಿನಲ್ಲಿ ಇಬ್ಬರೇ, ನಾನು ಮತ್ತು ನನ್ನ ಬೀಗಿತ್ತಿ ದಾನುತೆ. ದಾನುತೆ ಲಿಥುವೇನಿಯಾದವರು. ಅವರ ಮಗಳು ಯೆವಾ ನನ್ನ ಮಗ ಅಜಯ್‌ನ ಹೆಂಡತಿ. ಇಬ್ಬರೂ ಅಟ್ಲಾಂಟಾದಲ್ಲಿದ್ದಾರೆ, ಮೇ ತಿಂಗಳಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಮಗಳ ಬಾಣಂತನಕ್ಕೆಂದು ಏಪ್ರಿಲ್ ಕೊನೆಗೇ ಬಂದಿದ್ದ ದಾನುತೆ, ಊರಿಗೆ ಮರಳುವ ಮುನ್ನ ಒಂದು ವಾರ ನಮ್ಮ ಮನೆಯಲ್ಲಿದ್ದರು. ಬೀಗರಿಗೆ ಮನೆಯಲ್ಲಿ ಒಂದು ಊಟವನ್ನೂ ಹಾಕದೆ ಕಳಿಸುವುದುಂಟೇ? ಈಗ ಅವರನ್ನು ಅಟ್ಲಾಂಟಾಗೆ ಕರೆದುಕೊಂಡು ಹೋಗಿ, ಭಾನುವಾರ ವಿಮಾನ ಹತ್ತಿಸಿ, ಆಮೇಲೆ ಎರಡು ವಾರ ಮೊಮ್ಮಗನನ್ನು ಎತ್ತಿಕೊಂಡು ಕೂರುವುದು ನನ್ನ ಲೆಕ್ಕಾಚಾರ. ಅದು ಕೆಡುವ ಹಾಗಾಗಿದ್ದು ನನ್ನಿಂದಲೇ. ಪೂರ್ತಿ ಕೆಡಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಟಿಕೆಟ್ಟಿನ ಕತೆ ಹೇಳಿಬಿಡುತ್ತೇನೆ. ಯೆವಾ ಅಮ್ಮನಿಗೆ ಗುರುವಾರಕ್ಕೆ ಟಿಕೆಟ್ ತೆಗೆದಿದ್ದಳು. ನಾನು ಕ್ಯಾಲೆಂಡರ್ ತಿರುವಿದೆ: ಅವತ್ತು ಭೀಮನ ಅಮಾವಾಸ್ಯೆ. ಅಮಾವಾಸ್ಯೆ ದಿನ ಬೀಗರನ್ನು ಹೊರಡಿಸುವುದು ಬೇಡ ಎಂದೆ. ಶುಕ್ರವಾರ ಮನೆಯ ಹೆಣ್ಣುಮಕ್ಕಳನ್ನು ಕಳಿಸಬಾರದು. ಶನಿವಾರ ದೂರ ಪ್ರಯಾಣಕ್ಕೆ ನಮ್ಮಮ್ಮ ಒಪ್ಪುತ್ತಿರಲಿಲ್ಲ. ಹಾಗೆ ಜಾರುತ್ತಾ ಜಾರುತ್ತಾ ಭಾನುವಾರಕ್ಕೆ ಬಂದು ನಿಂತೆ. ಮಗು ಎತ್ತಿಕೊಂಡು ನಿದ್ದೆಗಣ್ಣಲ್ಲಿದ್ದ ಯೆವಾ, "ಸರಿ ಅತ್ತೆ, ನಿಮಗೆ ಹೇಗೆ ಸರಿಯೋ ಹಾಗೆ" ಎಂದಳು. ಆ ಹುಡುಗಿ ಪ್ರೀತಿಯಿಂದ ಬಿಟ್ಟುಕೊಟ್ಟಿದ್ದನ್ನು ನಾನು ನನ್ನ ಜಾಣತನ ಅಂದುಕೊಂಡೆ.

ಸ್ಟರ್ಲಿಂಗ್‌ನಿಂದ ಅವತ್ತಿನ ನಿಲುಗಡೆ ಷಾರ್ಲೆಟ್‌ಗೆ ಸುಮಾರು ನಾನ್ನೂರು ಮೈಲಿ. ಫ್ರೆಡರಿಕ್ಸ್‌ಬರ್ಗ್ ದಾಟುವವರೆಗೆ ಎಂದಿನ ಹಾಗೆ ಲಾರಿ, ಬ್ರೇಕ್ ಲೈಟು. ರಿಚ್ಮಂಡ್ ಆದಮೇಲೆ ರಸ್ತೆ ಬಿಡುವಾಯಿತು, ಎರಡೂ ಕಡೆ ಪೈನ್ ಮರಗಳು. ನಾರ್ತ್ ಕ್ಯಾರೊಲಿನಾ ಗಡಿಯ ಹತ್ತಿರ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಪುಳಿಯೋಗರೆ ಡಬ್ಬಿ ತೆರೆದೆ. ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ದಾನುತೆ ತಮ್ಮ ಚೀಲದಿಂದ ಕಪ್ಪು ಬ್ರೆಡ್ಡಿನ ಎರಡು ಹೋಳು ತೆಗೆದು, ನಡುವೆ ಪುಳಿಯೋಗರೆ ಇಟ್ಟು ತಿಂದರು. ನಾನು ನೋಡಿ ನಕ್ಕೆ. "ನಗಬೇಡಿ ಲಲಿತಾ, ರುಚಿ ನೋಡಿ" ಎಂದು ಒಂದು ತುಂಡು ಕೊಟ್ಟರು. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು.

ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ. ಅವರು ನಿಧಾನವಾಗಿ ಹುಡುಕಿ ಆಡುತ್ತಾರೆ, ನಾನು ಹುಡುಕದೆಯೇ ಆಡುತ್ತೇನೆ. ಅಮೆರಿಕಕ್ಕೆ ಬರಲು ಎಷ್ಟು ಓಡಾಡಬೇಕಾಯಿತು ಎಂದು ಕೇಳಿದೆ. "ಓಡಾಟವೇನೂ ಇಲ್ಲ. ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಒಂದು ಫಾರ್ಮ್ ತುಂಬಿದೆ. ಮರುದಿನ ಒಪ್ಪಿಗೆ ಬಂತು" ಎಂದರು. ನನಗೆ ಹೊಟ್ಟೆ ಉರಿಯಿತು. ನಮ್ಮಮ್ಮನ ವೀಸಾಕ್ಕೆಂದು ಮೈಸೂರಿನಿಂದ ಚೆನ್ನೈಗೆ ಎರಡು ಸಲ ಹೋಗಿ, ಫೈಲು ಎದೆಗಪ್ಪಿಕೊಂಡು ಸಾಲಿನಲ್ಲಿ ನಿಂತವಳು ನಾನು. ಮಗನ ಮದುವೆಗೆ ಮೈಸೂರಿಗೆ ಬರುವಾಗಲೂ ಇವರಿಗೆ ವೀಸಾ ಕಂಪ್ಯೂಟರಿನಲ್ಲೇ ಬಂದಿತ್ತಂತೆ. "ಪುಣ್ಯ ಮಾಡಿದ್ದೀರಿ ಬಿಡಿ" ಎಂದೆ.

ಆಗ ಅವರು ಹೇಳಿದರು: "ನಮ್ಮಮ್ಮನ ಅಕ್ಕ ಎರಡನೇ ಮಹಾಯುದ್ಧದ ಕೊನೆಯಲ್ಲಿ ತಪ್ಪಿಸಿಕೊಂಡು ಷಿಕಾಗೋ ಸೇರಿದರು. ನಾವು ಸೋವಿಯತ್ ಒಳಗೆ ಉಳಿದೆವು. ಹೊರಗೆ ಹೋಗಬೇಕೆಂದರೆ ಸರ್ಕಾರದ ಅನುಮತಿ ಬೇಕು. ಅಮ್ಮ ಮೂರು ಸಲ ಅರ್ಜಿ ಹಾಕಿದರು, ಮೂರು ಸಲವೂ ಇಲ್ಲ ಅಂದರು. ಅಕ್ಕ ತಂಗಿ ಸಾಯುವವರೆಗೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದಕ್ಕೇ ಆ ಒಪ್ಪಿಗೆ ಬಂದ ದಿನ ನಾನು ಫೋನ್ ಹಿಡಿದುಕೊಂಡು ಅತ್ತೆ." ನನ್ನ ಹೊಟ್ಟೆಯುರಿ ಅಲ್ಲಿಗೇ ತಣ್ಣಗಾಯಿತು. ಫ್ಲಾಸ್ಕಿನಿಂದ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಡಿ ಎಂದೆ.

ಷಾರ್ಲೆಟ್ ಮುಟ್ಟಿದಾಗ ನಾಲ್ಕೂವರೆ. ಅಲ್ಲಿ ನನ್ನ ಚಿಕ್ಕಪ್ಪನ ಮಗ ಸುರೇಶನ ಮನೆಯಲ್ಲಿ ರಾತ್ರಿ ತಂಗುವುದು ಎಂದಾಗಿತ್ತು. ಸುರೇಶ ಸಾಫ್ಟ್‌ವೇರ್‌ನವನು, ಹದಿನಾಲ್ಕು ವರ್ಷದಿಂದ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾನೆ. ಬಂದವರಿಗೆ ಬೇರೆಯವರು ಕಾಫಿನಾ ಟೀನಾ ಎಂದು ಕೇಳಿದರೆ, ಅವನು ವೀಸಾ ಸ್ಟೇಟಸ್ ಏನು, ಡೇಟ್ ಯಾವಾಗ ಎಂದು ಕೇಳುತ್ತಾನೆ. ಅವತ್ತೂ ಬಜ್ಜಿ ತಟ್ಟೆ ಮುಂದಿಡುತ್ತಲೇ ಕೇಳಿದ.

"ಅಕ್ಕ, ಆಂಟಿದು ಐ-ನೈಂಟಿಫೋರ್ ಎಲ್ಲೀವರೆಗೂ ಇದೆ?"

ದೇಶದೊಳಗೆ ಬಂದವರು ಯಾವತ್ತಿನವರೆಗೆ ಇರಬಹುದು ಎಂದು ವಿಮಾನ ನಿಲ್ದಾಣದಲ್ಲಿ ಬರೆದುಕೊಳ್ಳುವ ದಾಖಲೆ ಅದು. "ಆರು ತಿಂಗಳಿರುತ್ತಲ್ಲೋ" ಎಂದೆ. ನಾನು ಕಂಡಿದ್ದೇ ಅದು. ನಮ್ಮ ಕಡೆಯ ಅಪ್ಪ ಅಮ್ಮಂದಿರೆಲ್ಲ ಬಂದರೆ ಆರು ತಿಂಗಳು, ಎಣಿಸುವ ಗೋಜೇ ಇಲ್ಲ.

ಸುರೇಶ ಬಜ್ಜಿ ಕೆಳಗಿಟ್ಟ. "ಅಕ್ಕ, ಅದು ನಮ್ಮಂಥ ವೀಸಾ ತಗೊಂಡು ಬರೋರಿಗೆ. ಇವರು ವೀಸಾ ಇಲ್ದೇ, ಬರೀ ಆನ್‌ಲೈನ್ ಒಪ್ಪಿಗೆ ಮೇಲೆ ಬಂದಿರೋರು. ಇವರಿಗೆ ತೊಂಬತ್ತು ದಿನ ಅಂದ್ರೆ ತೊಂಬತ್ತೇ. ಎಕ್ಸ್‌ಟೆನ್ಷನ್ ಕೂಡ ಇಲ್ಲ. ಪಾಸ್‌ಪೋರ್ಟ್ ಕೊಡಿ, ಚೆಕ್ ಮಾಡ್ತೀನಿ."

ಅವನು ಸರ್ಕಾರದ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದ. ತೆರೆಯ ಮೇಲೆ ಬಂದ ದಿನಾಂಕ ಮರುದಿನದ್ದು, ಗುರುವಾರ. ಯೆವಾ ಮೊದಲು ತೆಗೆದಿದ್ದ ಟಿಕೆಟ್ಟಿನ ದಿನವೇ! ಆ ಹುಡುಗಿ ದಿನ ಎಣಿಸಿಯೇ ತೆಗೆದಿದ್ದಳು, ಆಮೇಲೆ ಕೂಸಿನ ಗಲಾಟೆಯಲ್ಲಿ ಮರೆತಿದ್ದಳು. ಪಂಚಾಂಗ ನೋಡಿದವಳು ಪಾಸ್‌ಪೋರ್ಟ್ ನೋಡಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

"ಒಂದೆರಡು ದಿನ ಹೆಚ್ಚಾದರೆ ಏನಾಗುತ್ತೋ?" ಎಂದೆ.

"ಒಂದು ದಿನ ಹೆಚ್ಚಾದ್ರೂ ಈ ಫೆಸಿಲಿಟಿ ಹೋಯ್ತು ಅಕ್ಕ. ಮುಂದೆ ಮೊಮ್ಮಗನ್ನ ನೋಡ್ಬೇಕು ಅಂದ್ರೆ ವೀಸಾಗೆ ಅಪ್ಲೈ ಮಾಡಿ ಇಂಟರ್‌ವ್ಯೂಗೆ ನಿಲ್ಬೇಕು. ಒಂದ್ಸಲ ಹೆಚ್ಚು ಇದ್ದೋರಿಗೆ ಅದನ್ನೂ ಕೊಡ್ತಾರೋ ಇಲ್ವೋ."

ನಾವು ಕನ್ನಡದಲ್ಲಿ ಮಾತಾಡುತ್ತಿದ್ದರೂ ದಾನುತೆಗೆ ನಮ್ಮ ಮುಖ ನೋಡಿಯೇ ಗೊತ್ತಾಗಿತ್ತು. ಸುರೇಶ ಇಂಗ್ಲಿಷಿನಲ್ಲಿ ವಿವರಿಸಿದ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ನಿಮ್ಮ ಮನೆಯವರಿಗೆ ವೀಸಾ ವಿಷಯವೆಲ್ಲ ಬಾಯಿಪಾಠ, ಅದಕ್ಕೇ ನಾನು ಎಣಿಸಲಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ನಾನೂ ಅಮ್ಮನ ಹಾಗೆ ಅರ್ಜಿ ಹಾಕಿ ಕಾಯಬೇಕಾಗುತ್ತದಾ ಲಲಿತಾ?" ಎಂದು ಕೇಳಿದರು.

ಸುರೇಶ ಏರ್‌ಲೈನ್ಸ್‌ನವರಿಗೆ ಫೋನ್ ಹಚ್ಚಿ ಮುಕ್ಕಾಲು ಗಂಟೆ ಕಾದ. ಗುರುವಾರ ಸಂಜೆ ನಾಲ್ಕೂವರೆಗೆ ಅಟ್ಲಾಂಟಾದಿಂದ ಹೊರಡುವ ವಿಮಾನದಲ್ಲಿ, ಕೊನೆಯ ಸಾಲಿನ ನಡುವಿನ ಸೀಟು ಒಂದಿತ್ತು. ಅದನ್ನು ಹಿಡಿದ. ಅಜಯ್‌ಗೆ ಫೋನ್ ಮಾಡಿ, ಅಲ್ಲೇ ಬಿಟ್ಟಿದ್ದ ದಾನುತೆಯವರ ಪೆಟ್ಟಿಗೆ ಕಟ್ಟಿ ಮಗುವನ್ನು ಕರೆದುಕೊಂಡು ನೇರ ಏರ್‌ಪೋರ್ಟಿಗೇ ಬನ್ನಿ ಎಂದೆವು. ಮೊಮ್ಮಗನ ಜೊತೆ ಇರಬೇಕಿದ್ದ ಮೂರು ದಿನ ಹೋಯಿತು. ಅದು ನನ್ನ ತಪ್ಪಿಗೆ ದಾನುತೆ ತೆತ್ತದ್ದು.

ಗುರುವಾರ ಬೆಳಗ್ಗೆ ಆರಕ್ಕೇ ಹೊರಟೆವು. ಷಾರ್ಲೆಟ್‌ನಿಂದ ಅಟ್ಲಾಂಟಾಗೆ ಇನ್ನೂರೈವತ್ತು ಮೈಲಿ, ನಾಲ್ಕು ಗಂಟೆಯ ದಾರಿ. ಎಷ್ಟೊಂದು ಸಮಯವಿದೆ ಎಂದು ನಾನು ಇಪ್ಪತ್ತು ಸಲ ಹೇಳಿದೆನೇನೋ. ಸೌತ್ ಕ್ಯಾರೊಲಿನಾದಲ್ಲಿ ರಸ್ತೆ ಪಕ್ಕ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಇದೆ. ಬರುವವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ನಿಲ್ಲಲಿಲ್ಲ. ಗ್ರೀನ್‌ವಿಲ್ ದಾಟುತ್ತಲೇ ಮಳೆ ಹುಯ್ಯತೊಡಗಿತು. ಮುಂದಿನ ಕಾರು ಕಾಣದಷ್ಟು ಮಳೆ. ಎಲ್ಲರೂ ದೀಪ ಮಿಣುಕಿಸುತ್ತಾ ನಲವತ್ತು ಮೈಲಿ ವೇಗದಲ್ಲಿ ಹೋದೆವು. ಜಾರ್ಜಿಯಾದಲ್ಲಿ ಒಂದು ಲಾರಿ ಅಡ್ಡ ಬಿದ್ದು ಮುಕ್ಕಾಲು ಗಂಟೆ ನಿಂತಲ್ಲೇ ನಿಂತೆವು. ಅಮಾವಾಸ್ಯೆ ಎಂದರೆ ಸುಮ್ಮನೆ ಅಲ್ಲ ಎಂದು ನನ್ನ ಮನಸ್ಸು ಒಳಗೊಳಗೇ ಹೇಳಿತು.

ಏರ್‌ಪೋರ್ಟ್ ಸೇರಿದಾಗ ಹನ್ನೆರಡೂವರೆ. ಅಜಯ್, ಯೆವಾ, ಮಗು ಕಾಯುತ್ತಿದ್ದರು. ಯೆವಾಗೆ ನಾನು, "ತಪ್ಪಾಯ್ತಮ್ಮ" ಎಂದೆ. "ನಾನೂ ಮರೆತಿದ್ದೆ ಅತ್ತೆ" ಎಂದು ನನ್ನ ಕೈ ಹಿಡಿದಳು. ದಾನುತೆ ಒಂದು ಗಂಟೆ ಹೊತ್ತು ಮೊಮ್ಮಗನನ್ನು ಕೆಳಗಿಳಿಸಲಿಲ್ಲ. ಒಳಗೆ ಹೋಗುವ ಮುನ್ನ ಅವನ ಅಂಗಾಲಿಗೆ ಮುತ್ತಿಟ್ಟು, ತಿರುಗಿ ನೋಡದೆ ನಡೆದರು.

ಗುಡುಗಿಗೆ ವಿಮಾನಗಳೆಲ್ಲ ತಡ. ಐದೂವರೆ ಎಂದರು, ಆರು ಎಂದರು. ರದ್ದಾಗಿಬಿಟ್ಟರೆ ಎಂದು ನಾವು ಪಾರ್ಕಿಂಗ್‌ನಲ್ಲೇ ಕೂತೆವು. ಆರೂ ಹತ್ತಕ್ಕೆ ಅಜಯ್ ಫೋನ್ ನೋಡಿ, "ಅಮ್ಮಾ, ಟೇಕ್ ಆಫ್ ಆಯ್ತು" ಎಂದ. ಹೋದ ಜೀವ ಬಂದಂತಾಯಿತು. ಕಾರಿನಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಮಗುವೂ ಜೊತೆಗೆ ಶುರು ಮಾಡಿತು, ಯೆವಾ ಯಾರನ್ನು ಮೊದಲು ಸಮಾಧಾನ ಮಾಡಲಿ ಎಂದು ನಕ್ಕಳು.

ಎರಡು ವಾರ ಕಳೆದು ಒಬ್ಬಳೇ ಹಿಂದಿರುಗುವಾಗ ಷಾರ್ಲೆಟ್‌ನಲ್ಲಿ ಸುರೇಶ ಮತ್ತೆ ಆ ವೆಬ್‌ಸೈಟ್ ತೆಗೆದ. ದಾನುತೆ ದೇಶ ಬಿಟ್ಟ ದಿನ: ಗುರುವಾರ. "ಕ್ಲೀನ್ ಅಕ್ಕ, ಏನೂ ಪ್ರಾಬ್ಲಂ ಇಲ್ಲ" ಎಂದ. ಅದರ ಫೋಟೋ ತೆಗೆದು ದಾನುತೆಗೆ ಕಳಿಸಿದೆ. ಅವರ ಉತ್ತರ ಬಂದಾಗ ನಾನು ಕಾರಿಗೆ ಚೀಲ ಇಡುತ್ತಿದ್ದೆ.

"ಡಿಸೆಂಬರ್‌ಗೆ ಬರುತ್ತಿದ್ದೇನೆ, ಟಿಕೆಟ್ ತೆಗೆದಾಯಿತು. ಯಾರ ಅನುಮತಿಯನ್ನೂ ಕೇಳಬೇಕಾಗಲಿಲ್ಲ."