ಮೀನಿಲ್ಲದ ತೊಟ್ಟಿಗೆ ಊಟ ಹಾಕಿದವರು

ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಇದನ್ನು ದೊಡ್ಡಸ್ತಿಕೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೆಲವರದು ನೆಗಡಿಯ ಮೈ ಇರುವ ಹಾಗೆ ನನ್ನದು ಅನುಮಾನದ ಮೈ. ಬ್ಯಾಂಕಿನವರು ಅದನ್ನು ಬೇಗ ಗುರುತಿಸಿ ನನ್ನನ್ನು ತಪಾಸಣೆ ವಿಭಾಗಕ್ಕೆ ಹಾಕಿದರು. ಹೇಳದೆ ಕೇಳದೆ ಒಂದು ಶಾಖೆಗೆ ಹೋಗಿ ನಿಲ್ಲುವುದು, ಅವರು ಕೊಟ್ಟ ಚಹಾ ಬೇಡವೆನ್ನುವುದು, ಮ್ಯಾನೇಜರ್ ನಕ್ಕರೆ ಯಾಕೆ ನಕ್ಕ ಎಂದು ಯೋಚಿಸುತ್ತ ಕೂರುವುದು, ಇವೇ ನನ್ನ ಉದ್ಯೋಗ. ತರಕಾರಿಯವಳು ಪ್ರೀತಿಯಿಂದ ಎರಡು ಬದನೆಕಾಯಿ ಕೊಸರು ಹಾಕಿದರೂ ಅವನ್ನೇ ಮೊದಲು ತಿರುಗಿಸಿ ಹುಳುವಿನ ತೂತು ಹುಡುಕುತ್ತೇನೆ. ಇಂಥವನು ಮನೆಯಲ್ಲಿ ಸಮುದ್ರ ಸಾಕಬಾರದಿತ್ತು.

ಸಮುದ್ರ ಎಂದದ್ದು ಬಡಾಯಿಯಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಗದಗಿನ ಕಡೆಯವನಾದ ನಾನು ವರ್ಗವಾಗಿ ಬಂದು ನಾಸಿಕ್ ರೋಡಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಹೆಂಡತಿ ಮಾಲತಿ ಕಾರವಾರದವಳು. ಅಲೆಯ ಸದ್ದಿಲ್ಲದೆ ತನಗೆ ನಿದ್ದೆ ಬರುವುದಿಲ್ಲ ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದಳು. ನಾನು ಅದನ್ನೂ ಅನುಮಾನಿಸಿದ್ದೆ. ಮೀನು ತಿಂದು ಬೆಳೆದವಳು ನಮ್ಮ ಮನೆಗೆ ಬಂದ ಮೇಲೆ ತಾನಾಗಿಯೇ ಬಿಟ್ಟಳು. ಅಂದರೆ, ಬಿಟ್ಟೆ ಎಂದು ಅವಳು ಹೇಳುತ್ತಾಳೆ. ವರ್ಗದಿಂದ ವರ್ಗಕ್ಕೆ ಸಮುದ್ರದಿಂದ ದೂರ ಸರಿದಂತೆಲ್ಲ ಅವಳ ಮಾತು ಕಡಿಮೆಯಾಗುತ್ತ ಬಂತು. ಒಮ್ಮೆ ಮುಂಬಯಿಗೆ ಹೋದಾಗ ಅಂಗಡಿಯೊಂದರಲ್ಲಿ ಉಪ್ಪುನೀರಿನ ತೊಟ್ಟಿಯ ಮುಂದೆ ನಿಂತವಳು ಅಲ್ಲಿಂದ ಕದಲಲೇ ಇಲ್ಲ. ಹವಳದ ಕಲ್ಲುಗಳು, ಅವುಗಳ ಮೇಲೆ ಬೆರಳು ಬೆರಳಾಗಿ ಅರಳಿ ಆಡುವ ಸಮುದ್ರದ ಹೂವು, ಆ ಹೂವಿನೊಳಗೆ ಕೇಸರಿ ಮೈಯ, ಬಿಳಿ ಪಟ್ಟೆಯ ಮೀನು. ತೊಟ್ಟಿ, ಕಲ್ಲು, ಹೂವು, ಕೇಸರಿ ಮೀನಿನ ಒಂದು ಜೋಡಿ, ಜೊತೆಗೆ ಒಂದು ನೀಲಿ, ಒಂದು ಹಳದಿ ಮೀನು, ಎಲ್ಲ ಕೊಂಡೆವು. ನೀರು ಮಾತ್ರ ಆಗಾಗ ಮುಂಬಯಿಯಿಂದ ಕ್ಯಾನುಗಳಲ್ಲಿ ರೈಲು ಹತ್ತಿ ಬರಬೇಕಾಗಿತ್ತು. ನಾನು ಸ್ಟೇಷನ್ನಿನಲ್ಲೇ ಮುಚ್ಚಳ ತೆಗೆದು, ಬೆರಳದ್ದಿ ನಾಲಗೆಗೆ ಹಚ್ಚಿ ನೋಡುತ್ತಿದ್ದೆ. ನಲ್ಲಿ ನೀರಿಗೆ ಉಪ್ಪು ಕಲಸಿ ಕೊಟ್ಟಿದ್ದರೆ? ನಾಲಗೆಗೆ ಎರಡೂ ಒಂದೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮ ಮಾಲೀಕರು ಮಹಾದೇವ ಕಾಕಾ. ಮಹಡಿಯ ಮೇಲೆ ಒಬ್ಬರೇ ಇದ್ದರು. ಮೂಲತಃ ಅಥಣಿ ಕಡೆಯವರು. ಹರೆಯದಲ್ಲೇ ಇಲ್ಲಿಗೆ ಬಂದು, ನೋಟು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅವರ ಕನ್ನಡದಲ್ಲಿ ಅರ್ಧ ಮರಾಠಿ ಕೂತಿತ್ತು. ದಿನವೂ ಕೆಲಸ ಬಿಟ್ಟು ಹೊರಡುವಾಗ ಗೇಟಿನಲ್ಲಿ ಮೈಯೆಲ್ಲ ತಡವಿ ನೋಡಿ ಬಿಡುತ್ತಿದ್ದರಂತೆ. ಅದಕ್ಕೆ ಕಾಕಾ 'ಝಡತಿ' ಎನ್ನುತ್ತಿದ್ದರು, ಮಳೆ ಬಿಸಿಲಿನ ಸಂಗತಿ ಹೇಳುವ ಹಾಗೆ ಅದನ್ನು ಹೇಳುತ್ತಿದ್ದರು. ಮನೆ ಕೊಡುವಾಗ ಅವರದು ಒಂದೇ ಷರತ್ತು: "ಮಾಂಸ, ಮೀನು ಮನಿಯಾಗ ಬರಬಾರದು ನೋಡ್ರಿ ಸಾಹೇಬ." ನಾವು ಶಾಕಾಹಾರಿಗಳು ಎಂದೆ. ಜೀವಂತ ಮೀನಿನ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೆಲವು ತಿಂಗಳು ತೊಟ್ಟಿ ಸುಖವಾಗಿತ್ತು. ಮಾಲತಿ ಅದರ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು, ಹಾಡು ಗುನುಗುತ್ತಿದ್ದಳು. ಆಮೇಲೆ ಒಂದು ದಿನ ನೀಲಿ ಮೀನಿನ ಮೈಮೇಲೆ ಯಾರೋ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಕಂಡವು. ಎರಡು ದಿನದಲ್ಲಿ ಚುಕ್ಕಿ ಮಾಯ. ಮಾಲತಿ ಖುಷಿಪಟ್ಟಳು. ನಾನು ಪಡಲಿಲ್ಲ, ಮತ್ತು ಜೀವನದಲ್ಲಿ ಒಮ್ಮೆಯಾದರೂ ನನ್ನ ಅನುಮಾನವೇ ಸರಿಯಾಗಿತ್ತು. ಈ ರೋಗದ ಹುಳ ಮೀನನ್ನು ತಾನಾಗಿಯೇ ಬಿಟ್ಟು ಕೆಳಗಿಳಿಯುತ್ತದೆ, ಮರಳಿನಲ್ಲಿ ಚಿಪ್ಪು ಹೊದ್ದು ಮಲಗುತ್ತದೆ, ಒಳಗೊಳಗೇ ನೂರಾಗಿ ಒಡೆದು ಮತ್ತೆ ಮೇಲೇಳುತ್ತದೆ. ಮೀನು ವಾಸಿಯಾದ ಹಾಗೆ ಕಂಡ ಹೊತ್ತಿನಲ್ಲೇ ಅದರ ಸಂಸಾರ ಬೆಳೆಯುತ್ತಿರುತ್ತದೆ. ಮುಂಬಯಿಯ ಅಂಗಡಿಯವನು ಫೋನಿನಲ್ಲಿ ಇದನ್ನು ವಿವರಿಸಿದಾಗ ಆ ಹುಳದ ಮೇಲೆ ನನಗೆ ಗೌರವವೇ ಹುಟ್ಟಿತು. ಎಷ್ಟೋ ಮ್ಯಾನೇಜರರು ತಪಾಸಣೆಯ ವಾರದಲ್ಲಿ ಮಾಡುವುದು ಇದನ್ನೇ.

ನೀಲಿ ಮೀನು ಸತ್ತಿತು, ಹಳದಿಯದು ಸತ್ತಿತು, ಕೇಸರಿ ಜೋಡಿಯಲ್ಲಿ ಒಂದು ಸತ್ತಿತು. ಅದೇ ಹೊತ್ತಿಗೆ ಪಾಚಿ ಶುರುವಾಯಿತು. ಮೊದಲು ಕಲ್ಲಿನ ಮೇಲೆ ಕಂದು ಲೋಳೆ, ಆಮೇಲೆ ಹಸಿರು ಕೂದಲು. ಸಮುದ್ರವನ್ನು ಕಡೆದಾಗ ಅಮೃತಕ್ಕಿಂತ ಮೊದಲು ವಿಷ ಎದ್ದಿತಂತೆ. ದೇವತೆಗಳಿಗೆ ಅದನ್ನು ಕುಡಿಯಲು ಒಬ್ಬ ಸಿಕ್ಕಿದ್ದ. ನಮಗೆ ಸಿಕ್ಕಿದ್ದು ಹಳೆಯ ಹಲ್ಲುಜ್ಜುವ ಬ್ರಷ್ಷು. ಭಾನುವಾರವೆಲ್ಲ ಕಲ್ಲು ತಿಕ್ಕಿದರೆ ಮುಂದಿನ ಭಾನುವಾರಕ್ಕೆ ಮತ್ತೆ ಅಷ್ಟೇ ಹಸಿರು. ಜೊತೆಗೊಂದು ವಾಸನೆ. ಕಾಕಾ ಮಹಡಿಯಿಂದ ಬಗ್ಗಿ, "ಸಾಹೇಬ, ನಿಮ್ಮ ಮನ್ಯಾಗಿಂದ ವಾಸ ಬರಾಕ ಹತ್ತೇತಿ. ದಿವಾಳಿ ತನಕ ನೋಡತೀನಿ. ಆಮ್ಯಾಲ ಬ್ಯಾರೆ ಮನಿ ನೋಡ್ಕೋರಿ" ಎಂದರು. ಕಾರವಾರದ ಸೊಸೆ ಒಳಗೆ ಏನೋ ಹುರಿಯುತ್ತಿದ್ದಾಳೆ ಎಂಬ ಗುಮಾನಿ ಅವರದು. ನನಗೂ ಒಂದು ಕ್ಷಣ ಆ ಗುಮಾನಿ ಬಂದು ಹೋಯಿತು ಎಂದರೆ ನಿಮಗೆ ನನ್ನ ಸ್ಥಿತಿ ತಿಳಿಯಬಹುದು.

ಅಂಗಡಿಯವನು ಉಪಾಯ ಹೇಳಿದ. ಉಳಿದ ಒಂದು ಮೀನನ್ನು ಬೇರೆ ಸಣ್ಣ ತೊಟ್ಟಿಯಲ್ಲಿಟ್ಟು ತಾಮ್ರದ ಔಷಧಿ ಹಾಕಬೇಕು. ಅದು ಮೀನಿಗೆ ಮದ್ದು, ಹವಳಕ್ಕೂ ಹೂವಿಗೂ ವಿಷ. ದೊಡ್ಡ ತೊಟ್ಟಿಯನ್ನು ವಾರಗಟ್ಟಲೆ ಮೀನಿಲ್ಲದೆ ಬಿಡಬೇಕು. ಹಿಡಿಯಲು ಮೀನು ಸಿಗದೆ ಹುಳ ಸಾಯುತ್ತದೆ. ಆ ತೊಟ್ಟಿಗೆ ಊಟ ಹಾಕುವುದೂ ಬೇಡ, ದೀಪ ಕಡಿಮೆ ಮಾಡಿ, ಪಾಚಿಯೂ ಸೊರಗುತ್ತದೆ ಎಂದ. ಮೀನನ್ನು ಹಿಂದಿನ ಕೋಣೆಗೆ ಸಾಗಿಸಿದೆವು. ಮಾಲತಿ ಆ ದಿನ ನನ್ನ ಮುಖ ನೋಡದೆ ಹೇಳಿದಳು: "ಇದೂ ಸತ್ತರೆ ತೊಟ್ಟಿ ಮಾರಿಬಿಡಿ ಮಾರಾಯ್ರೆ. ಇನ್ನೊಂದು ಸಮುದ್ರ ನನಗೆ ಬೇಡ." ಅವಳು ಮೀನಿನ ವಿಷಯ ಮಾತ್ರ ಹೇಳುತ್ತಿಲ್ಲ ಎಂದು ತಿಳಿಯಲು ತಪಾಸಣೆ ಬೇಕಿರಲಿಲ್ಲ.

ಅಷ್ಟರಲ್ಲಿ ನನ್ನನ್ನು ಆಗಿನ ಔರಂಗಾಬಾದಿಗೆ, ವಾಳೂಜಿನ ಕಾರ್ಖಾನೆಗಳ ನಡುವಿನ ಒಂದು ಶಾಖೆಯ ತಪಾಸಣೆಗೆ ಕಳಿಸಿದರು. ವಾರವೆಲ್ಲ ಅಲ್ಲಿ, ಶನಿವಾರ ಬಸ್ಸು ಹಿಡಿದು ಮನೆಗೆ. ಪ್ರತಿ ಶನಿವಾರವೂ ತೊಟ್ಟಿ ಹೋದ ವಾರಕ್ಕಿಂತ ಹಸಿರು. ಮೀನಿಲ್ಲ, ಊಟವಿಲ್ಲ, ದೀಪ ಮಂದ. ಪಾಚಿ ಮಾತ್ರ ಮದುವೆಮನೆಯವರ ಹಾಗೆ ಉಂಡು ಕೊಬ್ಬಿದೆ. ಒಂದು ಶನಿವಾರ ಟಾರ್ಚು ಹಿಡಿದು ಕಲ್ಲಿನ ಸಂದಿಗೆ ಬಿಟ್ಟೆ. ಅಲ್ಲಿ ಬಿಳಿಯ ಗಂಜಿಯಂಥದ್ದು ಏನೋ ಕೂತಿತ್ತು. ನನ್ನ ಬೆನ್ನು ನೆಟ್ಟಗಾಯಿತು. ಮೀನೇ ಇಲ್ಲದ ತೊಟ್ಟಿಗೆ ಯಾರೋ ಏನೋ ಹಾಕುತ್ತಿದ್ದಾರೆ.

ಯಾರು? ಬಸ್ಸಿನಲ್ಲಿ ಕೂತು ಒಬ್ಬೊಬ್ಬರನ್ನೇ ವಿಚಾರಣೆಗೆ ತೆಗೆದುಕೊಂಡೆ. ಮನೆಗೆಲಸದ ಹೆಂಗಸು ನೆಲ ಒರೆಸಿದ ನೀರು ಸುರಿಯುತ್ತಿರಬಹುದೆ? ಅವಳಿಗೆ ಬಕೆಟ್ಟು ಎತ್ತಿ ಮೋರಿಗೆ ಹಾಕುವುದೇ ಹತ್ತಿರ. ಮಾಲತಿಯೆ? ಅವಳ ಮೇಲೂ ಅನುಮಾನಪಟ್ಟೆ. ನಾನು ಟಾರ್ಚು ಹಿಡಿದಾಗ ಅವಳು ಅಡುಗೆಮನೆಗೆ ಹೋಗಿಬಿಟ್ಟಿದ್ದಳು. ಆದರೆ ಕೊನೆಗೆ ಬೆರಳು ಮೇಲಕ್ಕೇ ಹೋಗಿ ನಿಲ್ಲುತ್ತಿತ್ತು. ಮನೆ ಖಾಲಿಯಾಗಬೇಕಾದದ್ದು ಯಾರಿಗೆ? ಕಾಕಾ ವಾಸನೆಯ ಮಾತು ಎತ್ತಿ ಎಷ್ಟೋ ದಿನವಾಗಿತ್ತು. ದೀಪಾವಳಿ ಹತ್ತಿರ ಬಂದರೂ ಸುಮ್ಮನಿದ್ದರು, ಎದುರಾದರೆ ನಗುತ್ತಿದ್ದರು ಕೂಡ. ಬಯ್ಯುತ್ತಿದ್ದ ಮನುಷ್ಯ ಸುಮ್ಮನಾದರೆ ನನಗೆ ಮೊದಲಿಗಿಂತ ಭಯ.

ಮುಂದಿನ ವಾರ ವೃತ್ತಿಧರ್ಮ ಪಾಲಿಸಿದೆ. ವಾಳೂಜಿನ ಕೆಲಸವನ್ನು ಬುಧವಾರವೇ ಅರ್ಧಕ್ಕೆ ಬಿಟ್ಟು, ಮನೆಗೆ ಫೋನು ಮಾಡದೆ, ಬೆಳಗಿನ ಬಸ್ಸು ಹತ್ತಿದೆ. ಮಧ್ಯಾಹ್ನ ಮನೆ ಮುಟ್ಟಿದಾಗ ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ಚಪ್ಪಲಿ ಹೊರಗೇ ಬಿಟ್ಟು ಬೆಕ್ಕಿನ ಹಾಗೆ ಒಳಗೆ ಹೋದೆ. ತೊಟ್ಟಿಯ ಮುಂದೆ ಮಹಾದೇವ ಕಾಕಾ, ಬಲಗೈ ಮುಷ್ಟಿ ನೀರಿನ ಮೇಲೆ.

"ಕಾಕಾ, ಕೈಯಾಗ ಏನೈತ್ರಿ?" ಎಂದೆ. ನನ್ನ ದನಿ ನನಗೇ ಗೊತ್ತು, ಕ್ಯಾಶಿಯರುಗಳಿಗೆ ಇಟ್ಟುಕೊಂಡ ದನಿ ಅದು.

ಕಾಕಾ ತಿರುಗಲಿಲ್ಲ. ಹಿಂದೆ ಮುಂದೆ ನೋಡದೆ ಎರಡೂ ತೋಳು ಪಕ್ಕಕ್ಕೆ ಅಗಲವಾಗಿ ಎತ್ತಿ, ಕಾಲು ದೂರ ಇಟ್ಟು, ಮುಖ ಒಂದು ಕಡೆ ವಾಲಿಸಿ ನಿಂತುಬಿಟ್ಟರು. ಮೈ ತಡವಿಸಿಕೊಳ್ಳಲು ನಿಲ್ಲುವವರ ಭಂಗಿ. ಮುಷ್ಟಿ ತಾನಾಗಿ ತೆರೆಯಿತು. ಅಂಗೈಯಲ್ಲಿ ಗೋಧಿ ಹಿಟ್ಟಿನ ಪುಟ್ಟ ಪುಟ್ಟ ಉಂಡೆಗಳು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಹಾ ಹಿಡಿದು ಬಂದ ಮಾಲತಿ ಇದನ್ನು ನೋಡಿ ಲೋಟ ಕೆಳಗಿಟ್ಟಳು. "ಕೈ ಇಳಸ್ರಿ ಕಾಕಾ" ಎಂದೆ. ಅವರು ಇಳಿಸಿ, ತಾವೇ ಸಂಕೋಚದಿಂದ ನಕ್ಕರು. "ಮೈಗೆ ರೂಢಿ ಆಗಿಬಿಟ್ಟೇತ್ರಿ. ಹಿಂದಿಂದ ಯಾರಾರ ಜೋರ ಮಾಡಿದ್ರ ಕೈ ತಾವ ಏಳತಾವು."

ನಡೆದದ್ದು ಇಷ್ಟು. ನಿವೃತ್ತರಾದ ಮೇಲೆ ಕಾಕಾ ದಿನವೂ ಬಸ್ಸು ಹಿಡಿದು ಗೋದಾವರಿ ಘಾಟಿಗೆ ಹೋಗಿ, ನದಿಯ ಮೀನುಗಳಿಗೆ ಹಿಟ್ಟಿನ ಉಂಡೆ ಹಾಕಿ ಬಂದು ಆಮೇಲೆ ಊಟ ಮಾಡುತ್ತಿದ್ದರು. ಸತ್ತ ಹೆಂಡತಿ ಇಟ್ಟುಕೊಂಡಿದ್ದ ನೇಮ ಅದು, ಅವರು ಮುಂದುವರಿಸಿದ್ದರು. ಈಚೆಗೆ ಮೊಣಕಾಲು ಹೋಗಿ ಘಾಟಿನ ಮೆಟ್ಟಿಲು ಇಳಿಯಲಾಗದೆ ನೇಮ ತಪ್ಪಿತ್ತು. ವಾಸನೆಯ ಜಗಳಕ್ಕೆಂದು ಒಂದು ಮಧ್ಯಾಹ್ನ ಕೆಳಗೆ ಬಂದವರು ತೊಟ್ಟಿ ನೋಡಿ ಮಾತು ಮರೆತು ಕೂತರು. ಮರುದಿನ ಉಂಡೆ ಕಟ್ಟಿಕೊಂಡು ಬಂದರು. ಮೀನನ್ನು ಹಿಂದಿನ ಕೋಣೆಗೆ ಸಾಗಿಸಿದ ಮೇಲೂ, "ಕಲ್ಲಿನ ಸಂದಿಯಲ್ಲಿ ಅಡಗಿವೆ" ಎಂದು ಮಾಲತಿ ಹೇಳುತ್ತ ಬಂದಿದ್ದಳು.

"ನೀನ್ಯಾಕ ಸುಳ್ಳು ಹೇಳಿದಿ?" ಎಂದೆ.

"ಮತ್ತೆಂತ ಮಾಡ್ಲಿ? ಅವರು ಉಂಡೆ ಹಾಕಿದಷ್ಟು ದಿನ ಮನೆ ಬಿಡಿ ಅನ್ನಲಿಲ್ಲ. ನಿಮಗೆ ಹೇಳಿದ್ರೆ ನೀವು ಅವರ ಹಿಟ್ಟಿನ ಡಬ್ಬಿ ತಪಾಸಣೆಗೆ ಹೋಗ್ತಿದ್ರಿ."

ತೊಟ್ಟಿಯನ್ನು ಕೊಲ್ಲುತ್ತಿದ್ದ ಹಿಟ್ಟೇ ನಮ್ಮನ್ನು ಮನೆಯಲ್ಲಿ ಉಳಿಸಿತ್ತು. ನಾನು ಅನುಮಾನಿಸಿದ ಮನುಷ್ಯ ಸರಿ, ಕೆಲಸವೂ ಸರಿ, ಕಾರಣವೊಂದೇ ತಪ್ಪು. ನನ್ನ ಉದ್ಯೋಗದಲ್ಲಿ ಇದಕ್ಕೆ ಯಾವ ಹೆಸರೂ ಇಲ್ಲ. ಸುಮ್ಮನಿದ್ದರೆ ಮೀನು ಹೋಗುತ್ತದೆ, ಹೇಳಿದರೆ ಮನೆ. ಮಾಲತಿಯ ಮುಖ ನೋಡಿದೆ. ಅವಳು ಕಣ್ಣಿನಲ್ಲೇ ಹೇಳಿ ಎಂದಳು. ಹೇಳಿದೆ. ಹಿಟ್ಟು ಕೊಳೆತು ಪಾಚಿಗೆ ಗೊಬ್ಬರವಾಗುವುದನ್ನು, ತೊಟ್ಟಿಯಲ್ಲಿ ಮೀನಿಲ್ಲದ್ದನ್ನು, ಎಲ್ಲವನ್ನೂ.

ಕಾಕಾ ಬಗ್ಗಿ ಕಲ್ಲಿನ ಸಂದಿಗಳನ್ನು ನೋಡಿದರು. "ಅಂದ್ರ ಇಷ್ಟ ದಿವಸ ಕಲ್ಲಿಗೆ ಉಣಿಸೀನೇನು?" ಎಂದರು. ಮಾಲತಿ ಹಿಂದಿನ ಕೋಣೆಗೆ ಕರೆದೊಯ್ದು ಉಳಿದ ಒಂದನ್ನು ತೋರಿಸಿದಳು. ನೋಡಿದರು. ಉಂಡೆಗಳನ್ನು ಪಂಚೆಯ ಚುಂಗಿಗೆ ಕಟ್ಟಿಕೊಂಡು, ಚಹಾ ಮುಟ್ಟದೆ, ಗೋಡೆ ಹಿಡಿದು ಮೆಟ್ಟಿಲು ಹತ್ತಿ ಹೋದರು.

ಆಮೇಲೆ ತೊಟ್ಟಿ ನಾಚಿಕೆಯಿಲ್ಲದಷ್ಟು ಬೇಗ ಸುಧಾರಿಸಿತು. ಹಸಿರು ಕೂದಲು ಬಿಳಿಚಿ ಉದುರಿತು, ಕಲ್ಲಿನ ನಸುಗೆಂಪು ಮತ್ತೆ ಕಂಡಿತು, ಮುದುಡಿದ್ದ ಹೂವು ಬೆರಳು ಬಿಚ್ಚಿತು. ಅಂಗಡಿಯವನು ಹೇಳಿದ ವಾರಗಳು ಮುಗಿದ ಮೇಲೆ ಕೇಸರಿ ಮೀನನ್ನು ಅದರ ಮನೆಗೆ ಬಿಟ್ಟೆವು. ಅದು ನೇರ ಹೂವಿಗೆ ಹೋಗಿ ಮೈ ಉಜ್ಜಿತು. ಮಾಲತಿ ಅತ್ತಳು. ಆದರೆ ಕಾಕಾ ಕೆಳಗಿಳಿಯಲಿಲ್ಲ. ದೀಪಾವಳಿ ಬಂತು, ಹೋಯಿತು. ಮೆಟ್ಟಿಲ ಮೇಲೆ ಸದ್ದಾದರೆ ಮನೆ ಬಿಡಿಸಲು ಬಂದರೆಂದು ನಾನು ಎದ್ದು ನಿಲ್ಲುತ್ತಿದ್ದೆ, ಚಹಾಕ್ಕೆ ಬಂದರೆಂದು ಅವಳು ಎದ್ದು ನಿಲ್ಲುತ್ತಿದ್ದಳು. ಕೊನೆಗೆ ಅವಳೇ ಹೇಳಿದಳು: "ಹೋಗಿ ಕರೀರಿ. ನನಗೆ ಸಮುದ್ರ ಸಿಕ್ಕಿತು, ಅವರ ನದಿ ಹೋಯ್ತು."

ಹೋಗಿ ಕರೆದೆ. ಬಂದರು, ಬರಿಗೈಯಲ್ಲಿ. ನಾನು ಮೀನಿನ ಊಟದ ಡಬ್ಬಿ ತೆಗೆದು, ಒಂದು ಚಿಟಿಕೆ ಅವರ ಅಂಗೈಗೆ ಹಾಕಿ, "ದಿನಕ್ಕ ಇಷ್ಟ, ಇದನ್ನ ನೀವ ಹಾಕ್ರಿ ಕಾಕಾ. ನಾವ್ಯಾರೂ ಹಾಕೂದಿಲ್ಲ" ಎಂದೆ. ಅವರ ಮುಖ ಅರಳಿತು, ಆಮೇಲೆ ಮೂಗು ಅರಳಿತು. ಚಿಟಿಕೆಯನ್ನು ಹತ್ತಿರ ತಂದು ಮೂಸಿದರು.

"ಸಾಹೇಬ, ಇದರಾಗ ಏನೇನು ಹಾಕಿರತಾರ? ಶಾಕಾಹಾರಿ ಐತಲ್ಲಾ?"

ಆ ಡಬ್ಬಿಯಲ್ಲಿದ್ದದ್ದು ಒಣಸೀಗಡಿಯ ಪುಡಿ. ಮಾಲತಿ ತಟ್ಟನೆ ಕಿಟಕಿಯ ಕಡೆ ತಿರುಗಿದಳು. ಮಂದಿಯ ಸುಳ್ಳು ಹಿಡಿದು ಸಂಬಳ ಎಣಿಸುವ ನಾನು, ಕಣ್ಣು ಮಿಟುಕಿಸದೆ, "ಪಕ್ಕಾ ಶಾಕಾಹಾರಿ ಕಾಕಾ" ಎಂದೆ.

ಕಾಕಾ ನನ್ನ ಮುಖವನ್ನು ಸಾವಕಾಶವಾಗಿ ನೋಡಿದರು. ನಾನು ಜನರನ್ನು ನೋಡುವ ನೋಟ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಅಂದೇ. "ನೀವು ಹೇಳತೀರಿ ಅಂದ್ರ ಖರೇನ ಇರಬೇಕು" ಎಂದು ಚಿಟಿಕೆಯನ್ನು ನೀರಿಗೆ ಬಿಟ್ಟರು. ಮೀನು ಹೂವಿನಿಂದ ಹೊರಬಂದು ತಿಂದಿತು. ಅದು ತಿಂದು ಮುಗಿಸುವವರೆಗೂ ನಿಂತು ನೋಡಿದರು. ಆಮೇಲೆ ನಮ್ಮ ನಲ್ಲಿಯಲ್ಲಿ ಸೋಪು ಹಚ್ಚಿ, ಮೊಣಕೈವರೆಗೂ ತಿಕ್ಕಿ ತಿಕ್ಕಿ ಕೈ ತೊಳೆದುಕೊಂಡು, "ನಾಳಿ ಇದ ಹೊತ್ತಿಗೆ ಬರತೀನವಾ" ಎಂದು ಮಾಲತಿಗೆ ಹೇಳಿ ಮೇಲೆ ಹೋದರು.